ಕೆಸರಿನ ಮೇಲೆ ನಿಂತ ಊರು: ವೆನಿಸ್‌ನಲ್ಲಿ ಐದು ದಿನ

ಮೊದಲ ದಿನ, ನವೆಂಬರ್ 17

ಪಾದುವಾದಿಂದ ರೈಲು ಹೊರಟು ಅರ್ಧ ಗಂಟೆಯೂ ಆಗಿರಲಿಲ್ಲ. ಗೋದಾಮು, ಕಾರ್ಖಾನೆ, ಬೋಳು ಹೊಲ ಎಲ್ಲ ಮುಗಿದು ಎರಡೂ ಕಡೆಯ ಕಿಟಕಿಯಲ್ಲಿ ನೀರು ಕಾಣಿಸಿತು. ಆಳವಿಲ್ಲದ ಬೂದು ಬಣ್ಣದ ನೀರು. ಅಲ್ಲಲ್ಲಿ ಕೆಸರಿನ ದಿಬ್ಬ. ದೋಣಿಗಳಿಗೆ ದಾರಿ ತೋರಿಸಲು ನೆಟ್ಟ ಮರದ ಕಂಬಗಳು, ಅವುಗಳ ತುದಿಯಲ್ಲಿ ಒಂದೊಂದು ಹಕ್ಕಿ.

"ನಮ್ಮ ಗಂಗೊಳ್ಳಿ ಹೊಳೆ ಕಂಡ ಹಾಗೇ ಉಂಟಲ್ಲೇ" ಅಂದೆ.

"ಅಮ್ಮಾ, ಇನ್ನೂ ಇಳಿದೇ ಇಲ್ಲ, ಆಗಲೇ ಕುಂದಾಪುರ ಶುರುವಾಯ್ತಾ?" ಎಂದು ಮಗಳು ನಕ್ಕಳು.

ಅವಳು ಪಾದುವಾದಲ್ಲಿ ಓದುತ್ತಿದ್ದಾಳೆ. ನಾನು ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತಳಾದವಳು. ಪುಸ್ತಕದಲ್ಲಿ ಅಂಚೆಚೀಟಿಯಷ್ಟು ಸಣ್ಣದಾಗಿ ಅಚ್ಚಾದ, ವೆನಿಸ್ಸಿನ ಕಲಾವಿದರಾದ ಟಿಷಿಯನ್, ಟಿಂಟೊರೆಟ್ಟೊ ಅವರ ಚಿತ್ರಗಳನ್ನು ಮಕ್ಕಳಿಗೆ ತೋರಿಸಿ ಪಾಠ ಮಾಡಿದ್ದೇನೆ. ಆ ಚಿತ್ರಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆ ಹಳೆಯದು. ಅದರ ಜೊತೆಗೆ ಕರಾವಳಿಯವಳಾಗಿ ಇನ್ನೊಂದು ಪ್ರಶ್ನೆಯೂ ಇತ್ತು. ನಮ್ಮಲ್ಲಿ ಹೊಳೆಬದಿಯ ಮನೆಗೆ ಸುಣ್ಣ ಬಳಿದರೆ ಎರಡು ಮಳೆಗಾಲ ತಡೆಯುವುದಿಲ್ಲ. ಉಪ್ಪು ಗೋಡೆಯನ್ನು ತಿನ್ನುತ್ತದೆ. ಹಾಗಿದ್ದರೆ ಉಪ್ಪುನೀರಿನ ನಡುವೆ, ಕೆಸರಿನ ಮೇಲೆ, ಇವರು ಸಾವಿರ ವರ್ಷದಿಂದ ಒಂದು ಊರನ್ನು ಹೇಗೆ ನಿಲ್ಲಿಸಿಕೊಂಡು ಬಂದರು?

ಸ್ಟೇಷನ್ನಿನ ಮೆಟ್ಟಿಲು ಇಳಿದರೆ ಎದುರಿಗೇ ದೊಡ್ಡ ಕಾಲುವೆ. ಬಸ್‌ಸ್ಟಾಪ್ ಇರಬೇಕಾದ ಕಡೆ ತೇಲುವ ಕಟ್ಟೆ. ವಪೊರೆತ್ತೊ ಅಂದರೆ ನೀರಿನ ಬಸ್ಸು. ಒಂದನೇ ನಂಬರಿನದು ಎಲ್ಲ ಕಡೆ ನಿಲ್ಲುತ್ತಾ ನಿಧಾನ ಹೋಗುತ್ತದೆ, ನಮಗೆ ಬೇಕಾಗಿದ್ದೂ ಅದೇ. ಸುಮಾರು ನಾಲ್ಕು ಕಿಲೋಮೀಟರ್ ದಾರಿ. ಇಬ್ಬರೂ ಹೊರಗೆ ಚಳಿಯಲ್ಲೇ ನಿಂತೆವು.

ಮನೆಗಳ ಮುಖ್ಯ ಬಾಗಿಲು ನೀರಿಗೇ ತೆರೆಯುತ್ತದೆ. ಒಂದಷ್ಟು ಮನೆ ನೋಡಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಿಟಕಿಗಳೆಲ್ಲ ಮುಂಗೋಡೆಯ ಮಧ್ಯದಲ್ಲಿ ಗುಂಪಾಗಿವೆ, ಅಕ್ಕಪಕ್ಕ ಗೋಡೆ ಜಾಸ್ತಿ. ಒಳಗೆ ಮುಂದಿನಿಂದ ಹಿಂದಿನವರೆಗೆ ಒಂದು ಉದ್ದನೆಯ ಪಡಸಾಲೆ ಇರುತ್ತದೆ. ಅದಕ್ಕೆ ಬೆಳಕು ಬರಬೇಕಾದ್ದು ಎರಡು ತುದಿಗಳಿಂದ. ಹಾಗಾಗಿ ತುದಿಯ ಗೋಡೆಯನ್ನು ಎಷ್ಟು ಸಾಧ್ಯವೋ ಅಷ್ಟು ತೆರೆದಿದ್ದಾರೆ. 15ನೇ ಶತಮಾನದ ಕಾ ದ'ಓರೊ ಎದುರು ಬಂದಾಗ ಇದು ಚೆನ್ನಾಗಿ ಗೊತ್ತಾಯಿತು. ಹೆಸರಿನ ಅರ್ಥ ಚಿನ್ನದ ಮನೆ. ಒಂದು ಕಾಲದಲ್ಲಿ ಅದರ ಕೆತ್ತನೆಗೆ ಚಿನ್ನದ ತಗಡು ಹಚ್ಚಿದ್ದರು. ಈಗ ಚಿನ್ನ ಇಲ್ಲ, ಆದರೆ ಕಲ್ಲಿನ ಜಾಲರಿ ಹಾಗೇ ಇದೆ. ಅದರ ನೆರಳು ನೀರಲ್ಲಿ ಅಲುಗಾಡುತ್ತದೆ, ಆ ನೀರಿನ ಬೆಳಕು ಮತ್ತೆ ಜಾಲರಿಯ ಕೆಳಭಾಗಕ್ಕೆ ಬಿದ್ದು ಕುಣಿಯುತ್ತದೆ.

ರಿಯಾಲ್ಟೊ ಸೇತುವೆಯ ಪಕ್ಕದಲ್ಲಿ ಒಂದು ದೊಡ್ಡ ಬಿಳಿ ಕಟ್ಟಡ. ಜರ್ಮನ್ ವ್ಯಾಪಾರಿಗಳ ಛತ್ರ, ಗೋದಾಮು ಎರಡೂ ಆಗಿತ್ತು. 1508ರಲ್ಲಿ ಜೋರ್ಜೊನೆ ಮತ್ತು ಯುವಕ ಟಿಷಿಯನ್ ಇದರ ಹೊರಗೋಡೆಗೆ ಭಿತ್ತಿಚಿತ್ರ ಬರೆದಿದ್ದರು. ಊರಿನ ಇಬ್ಬರು ಮಹಾ ಕಲಾವಿದರ ಕೆಲಸ. ಉಪ್ಪುಗಾಳಿ ಅದನ್ನು ತಿಂದು ಹಾಕಿತು. ಮ್ಯೂಸಿಯಂನಲ್ಲಿ ಮಸುಕು ತುಣುಕುಗಳು ಮಾತ್ರ ಉಳಿದಿವೆ. ಬೋಳು ಗೋಡೆಯನ್ನು ನೋಡುತ್ತಾ ನನ್ನ ಮನೆಯ ಸುಣ್ಣ ನೆನಪಾಯಿತು.

ಸೇತುವೆಯದ್ದು ಒಂದೇ ಕಮಾನು, ಅಗಲ ಸುಮಾರು 28 ಮೀಟರ್. 1588ರಿಂದ 1591ರವರೆಗೆ ಕಟ್ಟಿದ್ದು. ಅದರ ಎರಡೂ ತುದಿಯ ಭಾರ ಹೊತ್ತಿರುವುದು ಕೆಸರಿಗೆ ಹೊಡೆದ ಸಾವಿರಾರು ಮರದ ಗೂಟಗಳು. ಇಡೀ ಊರಿನ ಗುಟ್ಟೇ ಇದು. ಓಕ್, ಲಾರ್ಚ್, ಆಲ್ಡರ್ ಮರದ ಗೂಟಗಳನ್ನು ಒತ್ತೊತ್ತಾಗಿ ಇಳಿಸುತ್ತಿದ್ದರು. ಕೆಸರಿನೊಳಗೆ ಆಮ್ಲಜನಕ ಸಿಗುವುದಿಲ್ಲ, ಹಾಗಾಗಿ ಮರ ಬೇಗ ಕೊಳೆಯುವುದಿಲ್ಲ. ಗೂಟಗಳ ಮೇಲೆ ಹಲಗೆ, ಅದರ ಮೇಲೆ ಇಸ್ತ್ರಿಯಾ ಎಂಬ ಕಡೆಯಿಂದ ತಂದ ಬಿಳಿ ಕಲ್ಲು. ಆ ಕಲ್ಲು ನೀರನ್ನು ಹೀರುವುದು ತೀರಾ ಕಡಿಮೆ. ಇಟ್ಟಿಗೆ ಶುರುವಾಗುವುದು ಅದರ ಮೇಲೆ. ನೀರಿನ ಮಟ್ಟ ಈಗ ನೂರು ವರ್ಷಕ್ಕೂ ಹಿಂದೆ ಇದ್ದುದಕ್ಕಿಂತ ಸುಮಾರು 30 ಸೆಂಟಿಮೀಟರ್ ಮೇಲಿದೆ. ಉಬ್ಬರದ ಹೊತ್ತಿಗೆ ಕಲ್ಲು ದಾಟಿ ಇಟ್ಟಿಗೆ ಮುಟ್ಟುತ್ತದೆ. ಬೋಟಿನಿಂದ ನೋಡಿದರೆ ಎಷ್ಟೋ ಮನೆಗಳ ಇಟ್ಟಿಗೆ ಪುಡಿಯಾಗಿ ಉದುರಿದ್ದು ಕಾಣುತ್ತದೆ.

ಎರಡನೇ ದಿನ

ಬೆಳಿಗ್ಗೆ ಮಂಜು. ಸಾನ್ ಮಾರ್ಕೊ ಚೌಕದ ಕಲ್ಲುಹಾಸಿನ ಸಂದಿಗಳಿಂದ ನೀರು ಉಕ್ಕಿ ಪಾದ ಮುಳುಗುವಷ್ಟು ನಿಂತಿತ್ತು. ಸಿಬ್ಬಂದಿ ಓಡಾಡಲು ಹಲಗೆಯ ಕಟ್ಟೆ ಜೋಡಿಸುತ್ತಿದ್ದರು. 2019ರ ನವೆಂಬರ್ 12ರಂದು ಇಲ್ಲಿ ನೀರು 187 ಸೆಂಟಿಮೀಟರ್ ಮಟ್ಟಕ್ಕೆ ಏರಿತ್ತು. 1966ರ ನವೆಂಬರ್ 4ರ 194 ಬಿಟ್ಟರೆ ಅಷ್ಟು ಎಂದೂ ಬಂದಿರಲಿಲ್ಲ. ಈಗ ಊರಿನ ಸುತ್ತಲಿನ ಹಿನ್ನೀರು ಕಡಲು ಸೇರುವ ಬಾಯಿಗಳಲ್ಲಿ 78 ಉಕ್ಕಿನ ಗೇಟುಗಳಿವೆ. ದೊಡ್ಡ ಉಬ್ಬರ ಬರುವ ಸೂಚನೆ ಸಿಕ್ಕರೆ ಅವು ಮೇಲೇಳುತ್ತವೆ. 2020ರ ಅಕ್ಟೋಬರ್‌ನಲ್ಲಿ ಮೊದಲ ಸಲ ಅವು ಊರನ್ನು ಕಾಪಾಡಿದವು. ಸಣ್ಣ ಉಬ್ಬರಕ್ಕೆ ಎತ್ತುವುದಿಲ್ಲ. ಅದಕ್ಕೇ ಚರ್ಚಿನ ಸುತ್ತ 2022ರಲ್ಲಿ ಗಾಜಿನ ತಡೆ ನಿಲ್ಲಿಸಿದ್ದಾರೆ. ಹೊರಗೆ ನೀರು, ಒಳಗೆ ಒಣ ನೆಲ.

ಸಾನ್ ಮಾರ್ಕೊ ಚರ್ಚಿನ ಕಥೆ ಕಳ್ಳತನದಿಂದ ಶುರುವಾಗುತ್ತದೆ. 828ರಲ್ಲಿ ವೆನಿಸ್ಸಿನ ಇಬ್ಬರು ವ್ಯಾಪಾರಿಗಳು ಅಲೆಕ್ಸಾಂಡ್ರಿಯಾದಿಂದ ಸಂತ ಮಾರ್ಕನ ದೇಹವನ್ನು ಕದ್ದು ತಂದರಂತೆ. ಅಲ್ಲಿನ ಮುಸ್ಲಿಂ ಸುಂಕದವರು ಮುಟ್ಟಬಾರದೆಂದು ಮೇಲೆ ಹಂದಿಮಾಂಸ ಮುಚ್ಚಿದ್ದರಂತೆ. ಆ ಘಟನೆಯನ್ನು ಅವರು ಮುಚ್ಚಿಟ್ಟಿಲ್ಲ, ಚರ್ಚಿನ ಮೇಲೇ ಮೊಸಾಯಿಕ್ ಮಾಡಿ ಹಾಕಿದ್ದಾರೆ. ಈಗಿನ ಕಟ್ಟಡ 1063ರಲ್ಲಿ ಶುರುವಾದದ್ದು. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾನ್‌ಬುಲ್) ಲೂಟಿ ಮಾಡಿ ತಂದ ಕಂಚಿನ ನಾಲ್ಕು ಕುದುರೆಗಳೂ ಇಲ್ಲಿವೆ. ನೆಪೋಲಿಯನ್ ಅವನ್ನು ಪ್ಯಾರಿಸ್ಸಿಗೆ ಒಯ್ದ, 1815ರಲ್ಲಿ ವಾಪಸ್ ಬಂದವು. ಹೊರಗಿನವು ನಕಲು, ಅಸಲಿ ಒಳಗಿನ ಮ್ಯೂಸಿಯಂನಲ್ಲಿವೆ. ಮೂಲೆಯಲ್ಲಿ ಕೆನ್ನೇರಳೆ ಕಲ್ಲಿನ ನಾಲ್ವರು ರಾಜರು ಜೋಡಿಜೋಡಿಯಾಗಿ ತಬ್ಬಿಕೊಂಡಿದ್ದಾರೆ. ಒಬ್ಬನ ಒಂದು ಪಾದ ಬೇರೆ ಕಲ್ಲಿನದು. ಮೂಲ ಪಾದದ ತುಂಡು ಇಸ್ತಾನ್‌ಬುಲ್‌ನ ಮಣ್ಣಿನಲ್ಲಿ ಸಿಕ್ಕಿತು, ಅಲ್ಲೇ ಇದೆ. ಆ ಪಾದ ನೋಡಿ ನನಗೆ ನಿಜವಾಗಿ ಬೇಸರವಾಯಿತು. ಎಷ್ಟೇ ಚೆಂದ ಜೋಡಿಸಿದರೂ ಒಂದು ಊರನ್ನು ಮುರಿದು ತಂದದ್ದು ಅದು.

ಆದರೆ ಒಳಗೆ ಕಾಲಿಟ್ಟ ಮೇಲೆ ನಾನು ಸುಮ್ನೆ ನಿಂತುಬಿಟ್ಟೆ. ಮೊದಲು ಕತ್ತಲೆ. ಕಣ್ಣು ಹೊಂದಿಕೊಂಡ ಹಾಗೆ ಮೇಲಿನಿಂದ ಚಿನ್ನ ನಿಧಾನವಾಗಿ ಇಳಿದು ಬಂತು. ಐದು ಗುಮ್ಮಟ, 8,000 ಚದರ ಮೀಟರಿಗೂ ಹೆಚ್ಚು ಮೊಸಾಯಿಕ್. ಗಾಜಿನ ಎರಡು ಪದರಗಳ ನಡುವೆ ಚಿನ್ನದ ರೇಕು ಇಟ್ಟು ಮಾಡಿದ ಸಣ್ಣ ಸಣ್ಣ ಚೌಕಗಳು. ಅವನ್ನು ನಯವಾಗಿ ಸಮತಟ್ಟಾಗಿ ಕೂರಿಸಿಲ್ಲ. ಒಂದೊಂದನ್ನೂ ಚೂರು ಚೂರು ಓರೆ ಮಾಡಿ ಒತ್ತಿದ್ದಾರೆ. ಹಾಗಾಗಿ ನಾವು ಒಂದು ಹೆಜ್ಜೆ ಇಟ್ಟರೆ ಒಂದಷ್ಟು ಚೌಕ ಆರುತ್ತವೆ, ಇನ್ನೊಂದಷ್ಟು ಹೊತ್ತಿಕೊಳ್ಳುತ್ತವೆ. ಸಂಜೆ ಬಿಸಿಲಿಗೆ ಹೊಳೆಯ ನೀರು ಮಿನುಗುವುದು ಹೀಗೇ ಅಲ್ವಾ? ಗಾಜು ಉಪ್ಪಿಗೆ ಹೆದರುವುದಿಲ್ಲ. ಸುಣ್ಣದ ಗೋಡೆಯ ಬಣ್ಣ ಇಲ್ಲಿ ನಿಲ್ಲುವುದಿಲ್ಲ, ಗಾಜಿನ ಬಣ್ಣ ನಿಲ್ಲುತ್ತದೆ. ನೆಲದ ಕಲ್ಲಿನ ಚಿತ್ತಾರ ಮಾತ್ರ ಅಲೆಯಲೆಯಾಗಿ ಏರಿಳಿದಿದೆ. ಕೆಳಗಿನ ಕೆಸರು ಅಲುಗಿದ ಗುರುತು.

ಹೊರಗಿನಿಂದ ಕಾಣುವ ಎತ್ತರದ ಗುಮ್ಮಟಗಳು ಮರದ ಚೌಕಟ್ಟಿಗೆ ಸೀಸದ ತಗಡು ಹೊದಿಸಿದವು. ನಿಜವಾದ ಇಟ್ಟಿಗೆ ಗುಮ್ಮಟಗಳು ಒಳಗೆ ತಗ್ಗಾಗಿವೆ. ಎತ್ತರ ಬೇಕು, ಭಾರ ಬೇಡ. ಆಮೇಲೆ ಈ ಊರಿನಲ್ಲಿ ಎಲ್ಲಿ ನೋಡಿದರೂ ನನಗೆ ಇದೇ ಲೆಕ್ಕ ಕಂಡಿತು.

ಪಕ್ಕದಲ್ಲಿರುವ ದೋಜ್, ಅಂದರೆ ಆಯ್ಕೆಯಾಗಿ ಬರುತ್ತಿದ್ದ ದೊರೆಯ ಅರಮನೆಯಲ್ಲಂತೂ ಲೆಕ್ಕ ತಲೆಕೆಳಗಾಗಿದೆ. ಸಾಮಾನ್ಯವಾಗಿ ಕೆಳಗೆ ಗಟ್ಟಿ ಗೋಡೆ, ಮೇಲೆ ಹಗುರ. ಇಲ್ಲಿ ಕೆಳಗಿನ ಎರಡು ಅಂತಸ್ತು ಬರೀ ಕಮಾನು, ಗಾಳಿ, ನೆರಳು. ಅದರ ಮೇಲೆ ಗುಲಾಬಿ-ಬಿಳಿ ಚೌಕುಳಿಯ ಭಾರಿ ಗೋಡೆ. ಆ ಚೌಕುಳಿಯಿಂದಾಗಿ ಗೋಡೆ ಹಾಸಿದ ಬಟ್ಟೆಯಂತೆ ಕಾಣುತ್ತದೆ, ಭಾರವೇ ಅನಿಸುವುದಿಲ್ಲ. ನೆಲವನ್ನು ಕಾಲಕಾಲಕ್ಕೆ ಎತ್ತರಿಸಿದ್ದರಿಂದ ಕಂಬಗಳ ಬುಡ ಹೂತುಹೋಗಿ ಅವು ಗಿಡ್ಡ ಕಾಣುತ್ತವೆ. ಒಂದು ಕಂಬದ ತಲೆಯಲ್ಲಿ ಇಡೀ ಒಂದು ಸಂಸಾರ ಕೆತ್ತಿದ್ದಾರೆ. ಹುಡುಗ ಹುಡುಗಿಯನ್ನು ನೋಡುತ್ತಾನೆ, ಮದುವೆ, ಮಗು ಹುಟ್ಟುತ್ತದೆ. ಸುತ್ತಿ ಬಂದರೆ ಕೊನೆಯಲ್ಲಿ ಆ ಮಗು ಸತ್ತು ಮಲಗಿದೆ. ನಾನು ಎರಡು ಸಲ ಸುತ್ತಿದೆ. ಮಗಳು ಏನೂ ಮಾತಾಡದೆ ಕೈ ಹಿಡಿದುಕೊಂಡಳು.

ಮಹಾಸಭೆಯ ಕೋಣೆಗೆ ನಡುವೆ ಒಂದೂ ಕಂಬ ಇಲ್ಲ. 53 ಮೀಟರ್ ಉದ್ದ, 25 ಮೀಟರ್ ಅಗಲ. ದೊರೆಗಳ ಚಿತ್ರಗಳ ಸಾಲಿನಲ್ಲಿ ಒಂದು ಜಾಗಕ್ಕೆ ಮಾತ್ರ ಕಪ್ಪು ಪರದೆ ಬರೆದಿದ್ದಾರೆ. ಅದು ಗಣರಾಜ್ಯದ ವಿರುದ್ಧ ಪಿತೂರಿ ಮಾಡಿ 1355ರಲ್ಲಿ ತಲೆ ಕೊಟ್ಟ ಮರಿನೊ ಫಲಿಯೆರೊನ ಜಾಗ.

ಮಧ್ಯಾಹ್ನ ಅದೇ ಟಿಕೆಟಿನಲ್ಲಿ ಎದುರಿನ ಕೊರೆರ್ ಮ್ಯೂಸಿಯಂಗೂ ಅದಕ್ಕೆ ಸೇರಿದ ಹಳೆಯ ಗ್ರಂಥಾಲಯದ ಕೋಣೆಗಳಿಗೂ ಹೋದೆವು. ನನಗೆ ಬೇಕಾಗಿದ್ದು ಫ್ರಾ ಮಾವ್ರೊ ಎಂಬ ಸನ್ಯಾಸಿ 1450ರ ಸುಮಾರಿಗೆ ಮಾಡಿದ ಲೋಕದ ನಕ್ಷೆ. ಎರಡು ಮೀಟರಿನಷ್ಟು ಅಗಲದ ದುಂಡು ನಕ್ಷೆ. ದಕ್ಷಿಣ ಮೇಲೆ, ಉತ್ತರ ಕೆಳಗೆ. ನಮ್ಮ ದೇಶ ಎಡಗಡೆ ಬರುತ್ತದೆ. ಪೂರ್ವದ ವಿವರಗಳಿಗೆ ಅವನು ನಿಕೊಲೊ ದೆ ಕೊಂತಿಯ ಮಾತನ್ನು ಬಳಸಿಕೊಂಡಿದ್ದ. ಈ ಕೊಂತಿ ಇದೇ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾ ಊರಿನವನು. 1420ರ ಸುಮಾರಿಗೆ ನಮ್ಮ ವಿಜಯನಗರಕ್ಕೆ ಬಂದಿದ್ದ! ಬೆಟ್ಟಗಳ ನಡುವಿನ ಆ ಊರಿನ ದೊಡ್ಡತನ, ಲೆಕ್ಕವಿಲ್ಲದಷ್ಟು ದೀಪ ಹಚ್ಚುವ ಹಬ್ಬ, ದಾರಿಹೋಕರ ಮೇಲೆ ಬಣ್ಣದ ನೀರು ಎರಚುವ ಹಬ್ಬ, ಎಲ್ಲವನ್ನೂ ಹೇಳಿದ್ದಾನೆ. ನೀರಿನ ಊರಿನ ಹುಡುಗ ಹಂಪಿಯ ಬಂಡೆಗಳ ನಡುವೆ ನಿಂತು ಹಬ್ಬದ ದೀಪ ನೋಡಿದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಮಲಬಾರು, ಕೆನರಾ ಕರಾವಳಿಯ ಕರಿಮೆಣಸು ಅರಬ್ಬರ ಕೈದಾಟಿ ಈ ಊರಿನ ಮಾರುಕಟ್ಟೆಗೆ ಬರುತ್ತಿತ್ತು. ಇಲ್ಲಿನ ಅರಮನೆಗಳ ಹಣದಲ್ಲಿ ಮೆಣಸಿನ ಲಾಭವೂ ಸೇರಿದೆ.

ಮೂರನೇ ದಿನ

ಇದು ನನ್ನ ದಿನ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸ್ಕೂಲಾ ಗ್ರಾಂದೆ ದಿ ಸಾನ್ ರೊಕ್ಕೊ ಮುಂದೆ ನಿಂತಿದ್ದೆ.

ಸ್ಕೂಲಾ ಅಂದರೆ ಇಲ್ಲಿ ಶಾಲೆಯಲ್ಲ. ಊರಿನ ಜನ ಸೇರಿ ಬಡವರಿಗೆ, ರೋಗಿಗಳಿಗೆ ನೆರವಾಗಲು ಕಟ್ಟಿಕೊಂಡ ಸಂಘ. ಸಾನ್ ರೊಕ್ಕೊ ಪ್ಲೇಗಿನಿಂದ ಕಾಪಾಡುವ ಸಂತ. 1564ರಲ್ಲಿ ಒಂದು ಕೋಣೆಯ ಚಾವಣಿಗೆ ಚಿತ್ರ ಬೇಕೆಂದು ಸಂಘದವರು ಕಲಾವಿದರಿಂದ ಕರಡು ಕೇಳಿದರು. ಉಳಿದವರು ಕರಡು ತಂದರು. ಟಿಂಟೊರೆಟ್ಟೊ ಚಿತ್ರವನ್ನೇ ಮುಗಿಸಿ, ಗುಟ್ಟಾಗಿ ಚಾವಣಿಗೆ ಕೂರಿಸಿಬಿಟ್ಟ. ಗಲಾಟೆಯಾದಾಗ ಇದು ಸಂತನಿಗೆ ನನ್ನ ಕಾಣಿಕೆ ಅಂದ. ಕಾಣಿಕೆ ಬೇಡ ಅನ್ನುವ ಹಾಗಿಲ್ಲ. ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನು ಈ ಕಟ್ಟಡದ ಗೋಡೆ, ಚಾವಣಿ ತುಂಬಿಸುತ್ತಲೇ ಇದ್ದ. ಅವನ ಅಪ್ಪ ಬಟ್ಟೆಗೆ ಬಣ್ಣ ಹಾಕುವವನು. ಟಿಂಟೊರೆಟ್ಟೊ ಅಂದರೆ ಬಣ್ಣಗಾರನ ಪುಟ್ಟ ಮಗ.

ಇದೆಲ್ಲ ಬಟ್ಟೆಯ ಮೇಲಿನ ಚಿತ್ರ. ಫ್ಲಾರೆನ್ಸಿನವರು, ರೋಮಿನವರು ಹಸಿ ಗಾರೆಯ ಮೇಲೆ ಬರೆದರು. ಇಲ್ಲಿ ಗಾರೆ ನಿಲ್ಲುವುದಿಲ್ಲ. ಹಾಯಿಹಡಗಿನ ಊರಿಗೆ ಬಟ್ಟೆಗೇನು ಬರ? ಕ್ಯಾನ್ವಾಸನ್ನು ಹೊಲಿದು ಜೋಡಿಸಿ, ಎಣ್ಣೆಬಣ್ಣದಲ್ಲಿ ಬರೆದು, ಗೋಡೆಗೆ ತೂಗುಹಾಕಿದರು. ಹಸಿ ಗಾರೆ ಒಣಗುವ ಮೊದಲು ಮುಗಿಸಬೇಕೆಂಬ ಅವಸರ ಎಣ್ಣೆಬಣ್ಣಕ್ಕಿಲ್ಲ. ಒಂದರ ಮೇಲೊಂದು ತೆಳು ಪದರ ಹಾಕಬಹುದು, ಅಳಿಸಬಹುದು, ಒರಟು ಬಟ್ಟೆಯ ಮೇಲೆ ಕುಂಚ ಎಳೆದು ಅರ್ಧಂಬರ್ಧ ಬಿಡಬಹುದು. ವೆನಿಸ್ಸಿನ ಚಿತ್ರದ ಆ ಮೃದು ಬಣ್ಣ, ಮಿನುಗು, ಅಂಚಿಲ್ಲದ ನೆರಳು ಎಲ್ಲ ಎಲ್ಲಿಂದ ಬಂತು ಎಂದು ಮಕ್ಕಳಿಗೆ ಏನೇನೋ ಹೇಳುತ್ತಿದ್ದೆ. ಉಪ್ಪಿಗೂ ಅದರಲ್ಲಿ ಪಾಲಿದೆ ಎಂದು ಹೇಳಿರಲಿಲ್ಲ.

ಮೇಲಿನ ಸಭಾಂಗಣದಲ್ಲಿ ಚಾವಣಿ ನೋಡಲು ಕನ್ನಡಿ ಇಟ್ಟಿರುತ್ತಾರೆ. ಅದನ್ನು ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ನಡೆದೆ. ಮೋಸೆಸ್ ಬಂಡೆಗೆ ಹೊಡೆದು ನೀರು ಚಿಮ್ಮಿಸುವುದು, ಹಾವು ಕಚ್ಚಿದವರು ಕಂಚಿನ ಸರ್ಪ ನೋಡಿ ಬದುಕುವುದು, ಆಕಾಶದಿಂದ ಆಹಾರ ಬೀಳುವುದು. ಬಾಯಾರಿಕೆ, ರೋಗ, ಹಸಿವು. ಸಂಘ ಮಾಡುತ್ತಿದ್ದ ಕೆಲಸವೂ ಈ ಮೂರೇ.

ಒಳಕೋಣೆಯಲ್ಲಿ 1565ರ 'ಶಿಲುಬೆ'. 12 ಮೀಟರಿಗೂ ಉದ್ದ, ಗೋಡೆಯ ತುದಿಯಿಂದ ತುದಿಗೆ. ನಡುವೆ ಏಸು, ಸುತ್ತ ಜನವೋ ಜನ. ಒಬ್ಬ ಹಗ್ಗ ಎಳೆಯುತ್ತಾನೆ, ಒಬ್ಬ ಗುಂಡಿ ತೋಡುತ್ತಾನೆ, ಏಣಿ, ಗುದ್ದಲಿ, ಹಲಗೆ. ಸಾವು ನಡೆಯುತ್ತಿರುವ ಜಾಗದಲ್ಲಿ ಎಲ್ಲರೂ ತಂತಮ್ಮ ಕೆಲಸದಲ್ಲಿ ಮುಳುಗಿದ್ದಾರೆ. ಬೆಂಚಿನ ಮೇಲೆ ಕುಳಿತವಳಿಗೆ ಮುಕ್ಕಾಲು ಗಂಟೆ ಹೋದದ್ದು ತಿಳಿಯಲಿಲ್ಲ.

ಆದರೆ ನನ್ನ ಮನಸ್ಸಿಗೆ ಅಂಟಿಕೊಂಡದ್ದು ಕೆಳ ಅಂತಸ್ತಿನ ಒಂದು ಚಿತ್ರ. ದೇವದೂತ ಮರಿಯಳ ಮನೆಗೆ ಬರುವ ದೃಶ್ಯ. ಬೇರೆಯವರು ಅವಳನ್ನು ಚೆಂದದ ಮಂಟಪದಲ್ಲಿ ಕೂರಿಸುತ್ತಾರೆ. ಇಲ್ಲಿ ದೂತ ಮುರಿದ ಗೋಡೆಯ ಮೂಲಕ ನುಗ್ಗಿ ಬರುತ್ತಾನೆ. ಹೊರಗೆ ಬಡಗಿಯ ಹಲಗೆಗಳ ರಾಶಿ. ಗೋಡೆಯ ಗಾರೆ ಉದುರಿ ಇಟ್ಟಿಗೆ ಬಿಟ್ಟುಕೊಂಡಿದೆ, ಇಟ್ಟಿಗೆಯ ಅಂಚು ಸವೆದಿದೆ. ಬೋಟಿನಿಂದ ನಿನ್ನೆ ಮೊನ್ನೆ ನೋಡಿದ ಅದೇ ಗೋಡೆ! ಟಿಂಟೊರೆಟ್ಟೊ ತನ್ನ ಊರಿನ ಉಪ್ಪು ತಿಂದ ಗೋಡೆಯನ್ನೇ ತಂದು ಮರಿಯಳಿಗೆ ಮನೆ ಮಾಡಿಕೊಟ್ಟಿದ್ದಾನೆ.

"ಅಮ್ಮಾ, ಅಳ್ತಾ ಇದ್ದೀಯಾ?"

"ಇಲ್ಲ ಕಣೆ. ಗೋಡೆ ನೋಡು."

ಪಕ್ಕದ ಫ್ರಾರಿ ಇಗರ್ಜಿಯಲ್ಲಿ ಟಿಷಿಯನ್ನನ 'ಮರಿಯಳ ಸ್ವರ್ಗಾರೋಹಣ' ಇದೆ, 1518ರದ್ದು. ಸುಮಾರು 7 ಮೀಟರ್ ಎತ್ತರ. ಇದು ಮಾತ್ರ ಬಟ್ಟೆಯಲ್ಲ, ಮರದ ಹಲಗೆ. ಬಾಗಿಲಲ್ಲಿ ನಿಂತರೆ ಗಾಯಕವೃಂದದ ಕಮಾನಿನೊಳಗೆ ಸರಿಯಾಗಿ ಕೂರುವಂತೆ ಅವಳ ಉಡುಗೆಯ ಕೆಂಪು ಕಾಣುತ್ತದೆ. ಹತ್ತಿರ ಹೋದಂತೆ ಆ ಕೆಂಪು ಮೇಲೇರುತ್ತದೆ. ಇದ್ದ ಜಾಗದಲ್ಲೇ ಉಳಿದ ಚಿತ್ರದ ಸುಖವೇ ಬೇರೆ.

ಸಂಜೆ ಒಂದು ಚಿಕ್ಕ ಬಯಲಿನಲ್ಲಿ ಬಾವಿಯ ಕಲ್ಲುಕಟ್ಟೆಯ ಪಕ್ಕ ಕುಳಿತೆವು. ಇಲ್ಲಿನ ಬಾವಿ ನಮ್ಮ ಬಾವಿಯಂತಲ್ಲ. ತೋಡಿದರೆ ಸಿಗುವುದು ಉಪ್ಪುನೀರು. ಅದಕ್ಕೆ ಬಯಲಿನ ಕೆಳಗೆ ದೊಡ್ಡ ಗುಂಡಿ ತೆಗೆದು, ಉಪ್ಪುನೀರು ಒಳಗೆ ಬಾರದಂತೆ ಜೇಡಿಮಣ್ಣು ಮೆತ್ತಿ, ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವೆ ಎತ್ತುತ್ತಿದ್ದರು. ಬಯಲಿಗೆ ಬಿದ್ದ ಮಳೆ ಕಲ್ಲಿನ ತೂತುಗಳಿಂದ ಇಳಿದು, ಮರಳಿನಲ್ಲಿ ಸೋಸಿ, ಕೊಳವೆಗೆ ಬರುತ್ತಿತ್ತು. 1884ರಲ್ಲಿ ಆಚೆ ದಡದಿಂದ ನಲ್ಲಿನೀರು ಬರುವವರೆಗೆ ಊರು ಕುಡಿದದ್ದು ಇದನ್ನೇ. ಚೌಕಗಳೆಲ್ಲ ಯಾಕೆ ಸ್ವಲ್ಪ ಇಳಿಜಾರು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೆ. ಮಳೆ ಹಿಡಿಯಲು.

ನಾಲ್ಕನೇ ದಿನ

12ನೇ ನಂಬರಿನ ಬೋಟ್ ಹಿಡಿದು ಉತ್ತರದ ದ್ವೀಪಗಳಿಗೆ ಹೋದೆವು. ಮುರಾನೊದಲ್ಲಿ ಇಳಿಯಲಿಲ್ಲ. ಬೆಂಕಿಯ ಭಯಕ್ಕೆ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಅಲ್ಲಿಗೆ ಕಳಿಸಿದ್ದರು. ಬುರಾನೊದ ಬಣ್ಣದ ಮನೆಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲಿತ್ತು. ಒಂದು ಅಂಗಡಿಯಲ್ಲಿ ಕೈಕಸೂತಿ ಎಂದು ಹೇಳಿ ಮಾರಿದ ಕರವಸ್ತ್ರ ರಾತ್ರಿ ನೋಡಿದರೆ ಮಿಷನ್ನಿನ ಹೊಲಿಗೆ. ನಾವು ಹೊರಟದ್ದು ತೊರ್ಚೆಲ್ಲೊಗೆ.

ವೆನಿಸ್ ದೊಡ್ಡದಾಗುವ ಮೊದಲು ತೊರ್ಚೆಲ್ಲೊ ದೊಡ್ಡ ಊರಾಗಿತ್ತು. ಹೂಳು ತುಂಬಿತು, ಮಲೇರಿಯಾ ಬಂತು, ಜನ ಬಿಟ್ಟುಹೋದರು. ಕಲ್ಲು, ಇಟ್ಟಿಗೆಯನ್ನೂ ಕಿತ್ತು ವೆನಿಸ್ಸಿಗೆ ಒಯ್ದರು. ಈಗ ಬೆರಳೆಣಿಕೆಯ ಮನೆಗಳು, ಹುಲ್ಲು, ಒಂದು ಕಾಲುವೆ, ಮತ್ತೆ 639ರಲ್ಲಿ ಸ್ಥಾಪನೆಯಾದ ಸಾಂತಾ ಮರಿಯಾ ಅಸ್ಸುಂತಾ ಚರ್ಚು. ಕಿಟಕಿಗಳ ಬಾಗಿಲೂ ಕಲ್ಲಿನ ಚಪ್ಪಡಿಯದು.

ಒಳಗೆ ಹಿಂಗೋಡೆ ತುಂಬ ಕೊನೆಯ ತೀರ್ಪಿನ ಮೊಸಾಯಿಕ್. ಕಡಲ ಮೃಗಗಳು ನುಂಗಿದವರನ್ನು ಕಕ್ಕುತ್ತಿವೆ, ಕೆಳಗೆ ನರಕದಲ್ಲಿ ತಲೆಬುರುಡೆಯ ಕಣ್ಣಿನಿಂದ ಹಾವು ಹೊರಬರುತ್ತಿದೆ. ಅಷ್ಟೆಲ್ಲ ಗದ್ದಲ ನೋಡಿ ತಿರುಗಿದರೆ ಎದುರು ತುದಿಯ ಅರ್ಧ ಗುಮ್ಮಟದಲ್ಲಿ ಬರೀ ಚಿನ್ನ. ಅದರ ನಡುವೆ ಒಬ್ಬಳೇ ಮರಿಯ, ಉದ್ದಕ್ಕೆ, ತೆಳ್ಳಗೆ, ಕಡುನೀಲಿ ಉಡುಗೆಯಲ್ಲಿ, ಮಗುವನ್ನು ಎತ್ತಿಕೊಂಡು. ಸುತ್ತ ಏನೂ ಇಲ್ಲ. ಇಷ್ಟು ಖಾಲಿ ಬಿಡುವ ಧೈರ್ಯ ನಾನು ಬೇರೆ ಎಲ್ಲೂ ನೋಡಿಲ್ಲ. ಸಾನ್ ಮಾರ್ಕೊ ನನ್ನನ್ನು ಬೆರಗುಗೊಳಿಸಿತ್ತು. ಇವಳ ಮುಂದೆ ನಾನು ಶಾಂತಳಾದೆ.

ಐದನೇ ದಿನ, ನವೆಂಬರ್ 21

ಈ ದಿನಕ್ಕೆಂದೇ ಪ್ರವಾಸದ ತಾರೀಕು ಹೊಂದಿಸಿದ್ದು. ಸಲೂತೆ ಹಬ್ಬ. ಸಲೂತೆ ಅಂದರೆ ಆರೋಗ್ಯ. 1630ರಲ್ಲಿ ಬಂದ ಪ್ಲೇಗು ಊರಿನ ಮೂರನೇ ಒಂದು ಭಾಗದಷ್ಟು ಜನರನ್ನು ಕೊಂದಿತು. ರೋಗ ನಿಂತರೆ ಮಾತೆಗೆ ಗುಡಿ ಕಟ್ಟುತ್ತೇವೆ ಎಂದು ಹರಕೆ ಹೊತ್ತರು. ಬಲ್ದಸ್ಸಾರೆ ಲೊಂಗೇನಾ ಎಂಬ ವಾಸ್ತುಶಿಲ್ಪಿಯ ನಕ್ಷೆ ಒಪ್ಪಿಗೆಯಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಗೂಟ ಇಳಿಸಿದರು ಎಂದು ಲೆಕ್ಕ ಹೇಳುತ್ತಾರೆ. 1631ರಲ್ಲಿ ಶುರುವಾದ ಕಟ್ಟಡ 1687ರಲ್ಲಿ ಪೂಜೆಗೆ ತೆರೆಯಿತು. ಲೊಂಗೇನಾ 1682ರಲ್ಲೇ ತೀರಿಕೊಂಡಿದ್ದ. ಉಳಿದ ಬದುಕಿಡೀ ಜೊತೆಗಿದ್ದ ಹರಕೆಯ ಕೆಲಸ.

ಹಬ್ಬಕ್ಕೆ ದೊಡ್ಡ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಊರಿಗೆ ಊರೇ ಅದರ ಮೇಲೆ ನಡೆದು ಹೋಗುತ್ತದೆ. ಅಜ್ಜಿಯರು, ಗಾಡಿಯಲ್ಲಿ ಮಕ್ಕಳು, ಕೆಲಸದ ಬಟ್ಟೆಯಲ್ಲೇ ಬಂದ ಗಂಡಸರು. ಪ್ರವಾಸಿಗಳ ಊರು ಎಂದುಕೊಂಡಿದ್ದೆ, ಅವತ್ತು ಅದು ಊರಿನವರ ಊರಾಗಿತ್ತು. ಸೇತುವೆಯ ನಡುವೆ ನಿಂತು ನೋಡಿದೆ. ಗುಮ್ಮಟದ ಬುಡದ ಸುತ್ತ ಸುರುಳಿ ಸುರುಳಿ ಕಲ್ಲು. ಜನ ಅದನ್ನು ದೊಡ್ಡ ಕಿವಿ ಅನ್ನುತ್ತಾರೆ. ಚೆಂದಕ್ಕೆ ಮಾಡಿದ್ದು ಅನಿಸುತ್ತದೆ, ಆದರೆ ಗುಮ್ಮಟ ಹೊರಕ್ಕೆ ಒತ್ತದಂತೆ ತಡೆಯುವ ಆಸರೆಯೂ ಹೌದು.

ಹೊರಗೆ ಜಾತ್ರೆಯ ಹಾಗೆ ಬಲೂನು, ಸಕ್ಕರೆ ಮಿಠಾಯಿ, ಮೇಣದಬತ್ತಿಯ ಅಂಗಡಿಗಳು. ಮಗಳು ಉದ್ದನೆಯ ಬತ್ತಿ ಎರಡು ಕೊಂಡಳು. ಒಳಗೆ ಎಂಟು ಮೂಲೆಯ ವಿಶಾಲ ಅಂಗಳ. ಮುಖ್ಯ ಪೀಠದಲ್ಲಿ 1670ರಲ್ಲಿ ಕ್ರೀಟ್ ದ್ವೀಪದಿಂದ ತಂದ ಮಾತೆಯ ಹಳೆಯ ಕಪ್ಪು ಚಿತ್ರಪಟ. ಬತ್ತಿಗಳನ್ನು ನಾವೇ ಹಚ್ಚುವ ಹಾಗಿಲ್ಲ, ಕೈಗೆ ಕೊಡಬೇಕು. ನಿಂತಿದ್ದ ಹುಡುಗ ನನ್ನ ಬತ್ತಿಯನ್ನು ಹಚ್ಚಿ ಮುಳ್ಳಿಗೆ ಚುಚ್ಚಿದ. ಹಿಂದೆ ಸಾವಿರ ಜನ ಕಾಯುತ್ತಿದ್ದರು. ಎರಡು ಇಂಚು ಉರಿಯುವಷ್ಟರಲ್ಲಿ ಅದನ್ನು ಆರಿಸಿ, ತೆಗೆದು, ಮುಂದಿನವರ ಬತ್ತಿಗೆ ಜಾಗ ಮಾಡಿದ.

"ಇಷ್ಟು ಬೇಗ ಆರಿಸಿಬಿಟ್ಟ" ಎಂದಳು ಮಗಳು.

"ಹಚ್ಚಿದ್ದು ಹಚ್ಚಿದ ಹಾಗೇ ಆಯ್ತಲ್ಲ, ಬಾ" ಅಂದೆ.

ವಾಪಸ್ ಬರುವಾಗ ಕತ್ತಲಾಗಿತ್ತು. ಒಂದು ದೋಣಿ ಹತ್ತಿರದಲ್ಲೇ ಹಾದುಹೋಯಿತು. ಕಾಲಡಿಯಲ್ಲಿ ಸೇತುವೆ ಮೆಲ್ಲಗೆ ಎದ್ದು, ಮೆಲ್ಲಗೆ ಕೂತಿತು.